ಕೊಳವೆಬಾವಿಯ ದಿನಚರಿ

ಯಲಬುರ್ಗಾ ಸೀಮೆಯಲ್ಲಿ ಮಳೆ ಮಿತವಾದುದು. ಅದೂ ಹೊತ್ತಿಗೆ ಸರಿಯಾಗಿ ಬರುವುದೆಂಬ ಭರವಸೆಯಿಲ್ಲ. ಇಲ್ಲಿನ ಎರೆ ಮತ್ತು ಮಸಾರಿ ಹೊಲಗಳ ಅಡಿಯಲ್ಲಿ ಬಹುಮಟ್ಟಿಗೆ ಗ್ರಾನೈಟ್, ನೈಸ್ ಮೊದಲಾದ ಗಟ್ಟಿ ಶಿಲೆಗಳಿವೆ. ಆ ಶಿಲೆಗಳ ಬಿರುಕುಗಳಲ್ಲಿ ಇಂಗಿ ನಿಂತ ನೀರೇ ಕೊಳವೆಬಾವಿಯ ಬಂಡವಾಳ. ಈ ಬಂಡವಾಳವೆಷ್ಟೆಂಬುದನ್ನು ತಿಳಿಯದೆ ಖರ್ಚುಮಾಡುವುದು ಅಪಾಯಕರವಷ್ಟೆ.

ಕೇಂದ್ರ ಅಂತರ್ಜಲ ಮಂಡಲಿಯವರು ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ವಾಡಿಕೆಯಾಗಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತ ಬಂದಿದ್ದಾರೆ. ಆದರೆ ಎರಡು ಅಳತೆಗಳ ನಡುವಣ ತಿಂಗಳುಗಳಲ್ಲಿ ನಡೆದುದೇನು? ಯಾವ ಮಳೆಗೆ ನೀರು ಏರಿತು, ಎಷ್ಟು ದಿನಗಳಲ್ಲಿ ಇಳಿಯಿತು? ಇದನ್ನು ತಿಳಿಯಲೆಂದೇ ಬಾವಿಯೊಳಗೆ ಇಳಿಬಿಟ್ಟು, ಹಗಲಿರುಳೂ ಅಳತೆ ಮಾಡಿಸುವ ಒತ್ತಡಮಾಪಕಗಳು ಬಳಕೆಗೆ ಬಂದಿವೆ.

ಒತ್ತಡದಿಂದ ಮಟ್ಟ ತಿಳಿಯುವ ಬಗೆ ಸರಳವಾದುದು. ಒಂದು ಮೀಟರ್ ಎತ್ತರದ ನೀರು ಸುಮಾರು 9.8 ಕಿಲೊಪಾಸ್ಕಲ್ ಒತ್ತಡವನ್ನು ಉಂಟುಮಾಡುತ್ತದೆ. ಉಪಕರಣದ ತೆಳುವಾದ ಪೊರೆಯು ಈ ಒತ್ತಡಕ್ಕೆ ಕಿಂಚಿತ್ತು ಬಾಗುತ್ತದೆ. ಅದರೊಡನೆ ಅದರ ವಿದ್ಯುತ್ ರೋಧವೂ ಬದಲಾಗುತ್ತದೆ. ನೀರಿನ ಒತ್ತಡ 196 ಕಿಲೊಪಾಸ್ಕಲ್ ಎಂದಾದರೆ ಉಪಕರಣದ ಮೇಲೆ 20 ಮೀಟರ್ ನೀರಿದೆಯೆಂದು ಅರ್ಥ.

ಆದರೆ ನೀರಿನ ಮೇಲೆ ಗಾಳಿಯೂ ಒತ್ತುತ್ತಿರುತ್ತದೆ. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿ ಈ ವಾಯುಭಾರ ಸುಮಾರು 94 ಕಿಲೊಪಾಸ್ಕಲ್. ನಮ್ಮ ಉಷ್ಣವಲಯದಲ್ಲಿ ಅದು ದಿನವೊಂದರಲ್ಲೇ ಮೂರು ನಾಲ್ಕು ಸೆಂಟಿಮೀಟರ್ ನೀರಿಗೆ ಸಮನಾಗಿ ಏರಿಳಿಯುವುದುಂಟು. ಆದಕಾರಣ ಒಟ್ಟು ಒತ್ತಡವನ್ನು ತೋರಿಸುವ ಮಾಪಕವನ್ನು ಬಾವಿಗೆ ಇಳಿಸಿದಾಗ, ನೆಲದ ಮೇಲೆ ಇನ್ನೊಂದು ವಾಯುಭಾರಮಾಪಕವನ್ನಿಟ್ಟು, ಅದೇ ಗಳಿಗೆಯ ಅಳತೆಯನ್ನು ಕಳೆಯಬೇಕು. 1648ರ ಸೆಪ್ಟೆಂಬರ್ 19ರಂದು ಪಾಸ್ಕಲನ ಭಾವ ಪೆರಿಯೆ ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟಕ್ಕೆ ಪಾದರಸದ ಕೊಳವೆಯನ್ನೊಯ್ದಾಗಲೂ, ಬೆಟ್ಟದ ಬುಡದಲ್ಲಿ ಇನ್ನೊಂದು ಕೊಳವೆಯನ್ನಿಟ್ಟು ದಿನವಿಡೀ ನೋಡಿಸಿದ್ದನು. ಎರಡು ಮಾಪಕಗಳನ್ನು ಹೋಲಿಸಬೇಕಾದರೆ ಅವುಗಳ ಕಾಲವೂ ಒಂದೇ ಆಗಿರಬೇಕು. ಎಂದರೆ ಗಡಿಯಾರಗಳು ಹೊಂದಿಕೊಂಡಿರಬೇಕು.

ಇನ್ನು ಅಳತೆಯನ್ನು ದೂರದ ಕೇಂದ್ರಕ್ಕೆ ಕಳುಹಿಸುವ ಮಾತು. ಮೊಬೈಲ್ ಜಾಲದ ಮೂಲಕ ಕಳುಹಿಸಬಹುದು. ಆದರೆ ಗುಡುಗು ಮಿಂಚಿನ ಮಳೆಯಲ್ಲಿ ವಿದ್ಯುತ್ತು ಹೋಗಿ ಜಾಲ ಕಡಿಯುವ ಸಂಭವ ಹೆಚ್ಚು. ನಮಗೆ ಅತ್ಯಂತ ಬೇಕಾದ ಅಳತೆಗಳಾದರೋ ಆ ಮಳೆಯ ಹೊತ್ತಿನವೇ! ನಿನ್ನೆಯ ಒತ್ತಡವನ್ನು ಇಂದು ಅಳೆಯಲಾಗದು. ಅಳೆದು, ಕಳುಹಿಸಿ, ಮರೆತುಬಿಡುವ ಉಪಕರಣವು ಆ ಗಳಿಗೆಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ.

ಇದಕ್ಕೆ ಪರಿಹಾರ ನಮ್ಮ ಹಿರಿಯರಿಗೆ ತಿಳಿದಿದ್ದುದೇ. ಜೋಳದ ರಾಶಿ ಸಂತೆಯ ದಿನಕ್ಕಾಗಿ ಕಾಯುವುದಿಲ್ಲ; ಬಂದ ಕಾಳನ್ನು ಹಗೇವಿನಲ್ಲಿ ತುಂಬಿಟ್ಟು, ಬೇಕಾದಾಗ ಹೊರತೆಗೆಯುತ್ತಿದ್ದರು. ಹಾಗೆಯೇ ಉಪಕರಣವು ಪ್ರತಿಯೊಂದು ಅಳತೆಯನ್ನೂ ಮೊದಲು ತನ್ನ ಮೆಮೊರಿಯಲ್ಲಿ ಬರೆದಿಡಬೇಕು. ಕಳುಹಿಸುವುದು ಆಮೇಲಿನ ಕೆಲಸ. ಈ ತಾತ್ಕಾಲಿಕ ಸಂಗ್ರಹವನ್ನೇ ಬಫರ್ ಎನ್ನುತ್ತಾರೆ. ವಿದ್ಯುತ್ತು ನಿಂತರೂ ಬರೆದುದು ಅಳಿಯದಂತಿರುವುದು ಇದಕ್ಕೆ ಅವಶ್ಯಕ.

ಈ ಹಗೇವು ಎಷ್ಟು ದೊಡ್ಡದಿರಬೇಕು? ಲೆಕ್ಕ ಹಾಕೋಣ. 15 ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 96 ಅಳತೆಗಳು. ಒತ್ತಡ, ಉಷ್ಣತೆ, ಕಾಲ, ಕ್ರಮಸಂಖ್ಯೆ ಇವುಗಳಿಗೆ ಒಟ್ಟು 16 ಬೈಟ್‌ಗಳೆಂದಿಟ್ಟುಕೊಂಡರೆ ದಿನಕ್ಕೆ 1,536, ವರ್ಷಕ್ಕೆ 5,60,640 ಬೈಟ್‌ಗಳಾಗುತ್ತವೆ. ಹತ್ತು ಲಕ್ಷ ಬೈಟ್‌ಗಳನ್ನು ಹಿಡಿಸುವ ಪುಟ್ಟ ಚಿಪ್ಪಿನಲ್ಲಿ ಒಂದೂವರೆ ವರ್ಷಕ್ಕೂ ಮಿಕ್ಕ ಕಾಲದ ದಿನಚರಿ ಅಡಗುತ್ತದೆ.

ಆದರೆ ಸಂಗ್ರಹವೊಂದೇ ಸಾಲದು. ಜಾಲಕ್ಕೆ ಕೆಲವು ನಿಯಮಗಳೂ ಬೇಕು. ಮೊದಲನೆಯದಾಗಿ, ಕೇಂದ್ರದಿಂದ ರಸೀದಿ ಬರುವವರೆಗೆ ಉಪಕರಣವು ಯಾವ ಅಳತೆಯನ್ನೂ ಅಳಿಸಕೂಡದು. ಎರಡನೆಯದಾಗಿ, ರಸೀದಿಯೇ ದಾರಿಯಲ್ಲಿ ಕಳೆದುಹೋದರೆ ಅದೇ ಅಳತೆ ಮತ್ತೆ ಬರುತ್ತದೆ. ಕೇಂದ್ರವು ಬಾವಿಯ ಗುರುತು ಹಾಗೂ ಕ್ರಮಸಂಖ್ಯೆಯನ್ನು ನೋಡಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. ಮೂರನೆಯದಾಗಿ, ಬರೆಯಬೇಕಾದುದು ಅಳೆದ ಹೊತ್ತನ್ನು, ತಲಪಿದ ಹೊತ್ತನ್ನಲ್ಲ. ನಾಲ್ಕನೆಯದಾಗಿ, ನೂರಾರು ಬಾವಿಗಳು ಒಂದೇ ನಿಮಿಷದಲ್ಲಿ ಕರೆಯದಂತೆ ಅವಕ್ಕೆ ಸರದಿ ಗೊತ್ತುಮಾಡಬೇಕು.

ಕೊನೆಯ ನಿಯಮ ಎಲ್ಲಕ್ಕಿಂತ ಮುಖ್ಯವಾದುದು. ಬಾರದ ಅಳತೆಯ ಜಾಗದಲ್ಲಿ ಸೊನ್ನೆಯನ್ನು ಬರೆಯಬಾರದು. ಗಾಳಿಯ ಭಾರವನ್ನು ಕಳೆದ ಮೇಲೆ ಸೊನ್ನೆ ಉಳಿದರೆ, ನೀರು ಉಪಕರಣಕ್ಕಿಂತ ಕೆಳಗಿಳಿದಿದೆಯೆಂದು ಅರ್ಥ! ಜಾಲ ಕಡಿದ ಬಾವಿಯು ಬತ್ತಿದ ಬಾವಿಯಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಿಂದಿನ ಅಳತೆಯನ್ನೇ ಮತ್ತೆ ಬರೆದರೆ ಮಳೆಯಿಂದ ಏರಿದ ನೀರು ಮರೆಯಾಗುತ್ತದೆ. ಖಾಲಿಯನ್ನು ಖಾಲಿಯೆಂದೇ ತೋರಿಸುವುದು ಪ್ರಾಮಾಣಿಕತೆ.

2019ರ ಡಿಸೆಂಬರ್ 25ರಂದು ಆರಂಭವಾದ ಅಟಲ್ ಭೂಜಲ ಯೋಜನೆಯು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ, ಗ್ರಾಮಸ್ಥರೇ ಕೂಡಿ ತಮ್ಮ ನೀರಿನ ಆಯವ್ಯಯವನ್ನು ಸಿದ್ಧಪಡಿಸುವ ಪದ್ಧತಿಯನ್ನು ತಂದಿತು. ಅಂತಹ ಆಯವ್ಯಯದ ಆಧಾರದ ಮೇಲೆ ಹಿಂಗಾರಿನಲ್ಲಿ ಕಡಲೆ ಬಿತ್ತಬೇಕೇ, ಹೆಚ್ಚು ನೀರು ಬೇಡುವ ಬೆಳೆ ಇಡಬಹುದೇ ಎಂದು ರೈತನು ನಿರ್ಧರಿಸಬೇಕಾಗುತ್ತದೆ. ಅಂಕಿಗಳಲ್ಲಿ ತಪ್ಪಿದ್ದರೆ ಅದರ ನಷ್ಟ ಹೊಲದಲ್ಲಿ ಕಾಣುತ್ತದೆ. ಆದುದರಿಂದ ಒತ್ತಡಮಾಪಕವನ್ನು ಪರೀಕ್ಷಿಸುವಾಗ ಅದರ ಪೊರೆ ಎಷ್ಟು ಸೂಕ್ಷ್ಮವೆಂದು ಕೇಳಿದರೆ ಸಾಲದು. ಜಾಲ ಕಡಿದಾಗ ಅದು ಏನನ್ನು ಉಳಿಸಿಕೊಳ್ಳುತ್ತದೆಂಬುದನ್ನೂ ನಾವು ಕೇಳಬೇಕು.