ಏಳು ಆನೆ, 39 ಲಕ್ಷ ಇರುವೆ

ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನಿನಲ್ಲಿ ಅರ್ಧಕ್ಕಿಂತ ಮೇಲಕ್ಕೆ, 12.7 ಲೀಟರ್ ನೀರು ಇದೆ ಅಂದುಕೊಳ್ಳಿ. 1927ರಲ್ಲಿ ಫ್ರಾನ್ಸಿನಲ್ಲಿ ತಯಾರಾಗತೊಡಗಿದ ಬುಗಾಟಿ ರಾಯಲ್ ಕಾರಿನ ಎಂಜಿನ್ ಸಾಮರ್ಥ್ಯ ಅಷ್ಟು. ಈಗ ಅಡುಗೆಮನೆಯಿಂದ ಎರಡು ಲೋಟ ನೀರು ತನ್ನಿ. ಸರಿಯಾಗಿ ಮೂವತ್ತು ವರ್ಷದ ನಂತರ ಇಟಲಿಯಲ್ಲಿ ಬಂದ ಫಿಯಟ್ 500ರ ಎಂಜಿನ್ ಆ ಎರಡು ಲೋಟಕ್ಕೆ ಮುಗಿಯಿತು: 479 ಸಿಸಿ.

ರಾಯಲ್‌ಗೆ ಸಿಲಿಂಡರ್ ಎಂಟು, ಒಂದೊಂದೂ ಹೆಚ್ಚುಕಮ್ಮಿ 1,600 ಸಿಸಿ. ಒಂದೇ ಸಿಲಿಂಡರಿನ ಲೆಕ್ಕದಲ್ಲಿ ಮೂರು ಫಿಯಟ್‌ಗಳ ಎಂಜಿನ್ ಕಳೆದರೂ ಇನ್ನೂ ಮಿಗುತ್ತದೆ! ಉದ್ದ 21 ಅಡಿ. ಫಿಯಟ್ಟಿನದು ಹತ್ತು ಅಡಿಗೂ ಕಮ್ಮಿ. ರಾಯಲ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸಂದಿಯಲ್ಲೇ ಇಡೀ ಫಿಯಟ್ಟನ್ನು ನಿಲ್ಲಿಸಬಹುದು. ತೂಕ ಒಂದರದು ಮೂರು ಟನ್, ಇನ್ನೊಂದರದು ಅರ್ಧ ಟನ್. ಅಶ್ವಶಕ್ತಿ ಸುಮಾರು 300 ಮತ್ತು 13.

ರಾಯಲ್‌ನ ರೇಡಿಯೇಟರ್ ಮುಚ್ಚಳದ ಮೇಲೆ ಹಿಂಗಾಲೂರಿ ಎದ್ದುನಿಂತು ಸೊಂಡಿಲೆತ್ತಿದ ಪುಟ್ಟ ಆನೆಯೊಂದಿದೆ. ಕಾರು ಕಟ್ಟಿದ ಎತ್ತೋರೆ ಬುಗಾಟಿಯ ತಮ್ಮ ರೆಂಬ್ರಾಂಟ್ ಶಿಲ್ಪಿ. ಅವನು ಮಾಡಿದ ಮೂರ್ತಿ ಅದು. ಕಾರು ನೋಡಲು ಅವನೇ ಇರಲಿಲ್ಲ, 1916ರಲ್ಲೇ ತೀರಿಕೊಂಡಿದ್ದ. ರಾಜರಿಗೆಂದು ಮಾಡಿದ ಈ ಕಾರನ್ನು ಒಬ್ಬ ರಾಜನೂ ಕೊಳ್ಳಲಿಲ್ಲ. 1929ರ ಆರ್ಥಿಕ ಕುಸಿತ ಬಂದು ವಕ್ಕರಿಸಿತು. ತಯಾರಾದದ್ದು ಏಳು, ಹೊರಗಿನವರಿಗೆ ಮಾರಿದ್ದು ಮೂರೇ. ಕೊಂಡವರಲ್ಲೊಬ್ಬ ಬಟ್ಟೆ ವ್ಯಾಪಾರದ ಸಾಹುಕಾರ. ರಾತ್ರಿ ಹೊತ್ತು ಗಾಡಿ ಓಡಿಸುವುದಿಲ್ಲವೆಂದು ಹೆಡ್‌ಲೈಟೇ ಹಾಕಿಸಲಿಲ್ಲವಂತೆ. ಸಾಹುಕಾರರ ಶೋಕಿ! ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಹಾಗೆ ಆ ಎಂಜಿನ್ ರೈಲಿಗೆ ದಕ್ಕಿತು. ನಾಲ್ಕು ನಾಲ್ಕು ಎಂಜಿನ್ ಹೊತ್ತ ಬುಗಾಟಿ ರೈಲುಬಂಡಿಗಳು ಫ್ರಾನ್ಸಿನ ಹಳಿಗಳ ಮೇಲೆ ವರ್ಷಗಟ್ಟಲೆ ಓಡಿದವು.

ದಾಂತೆ ಜಿಯಾಕೋಸಾ ರೂಪಿಸಿದ ಫಿಯಟ್ಟಿಗೆ ಆನೆ ಕೂರಿಸೋಣವೆಂದರೆ ರೇಡಿಯೇಟರೇ ಇಲ್ಲ. ಎರಡೇ ಸಿಲಿಂಡರಿನ ಎಂಜಿನ್ ಹಿಂಬದಿಯಲ್ಲಿ, ಗಾಳಿಗೇ ತಣ್ಣಗಾಗುತ್ತದೆ. ಛಾವಣಿ ಕೂಡ ಬಟ್ಟೆಯದು. ಹಾಸಿಗೆ ಸುತ್ತಿದ ಹಾಗೆ ಹಿಂದಕ್ಕೆ ಸುತ್ತಿಟ್ಟರೆ ತಲೆಯ ಮೇಲೆ ಆಕಾಶ. ನನ್ನ ಮಟ್ಟಿಗೆ 12.7 ಲೀಟರಿಗಿಂತ ಈ ಜಿಪುಣತನವೇ ದೊಡ್ಡ ಸೋಜಿಗ. 1975ರ ಹೊತ್ತಿಗೆ ತಯಾರಾದ ಇಂಥ ಕಾರುಗಳು ಸುಮಾರು 39 ಲಕ್ಷ. ರಾತ್ರಿ, ಭಾನುವಾರ, ಹಬ್ಬ ಎಲ್ಲ ಸೇರಿಸಿ ಹದಿನೆಂಟು ವರ್ಷಕ್ಕೆ ಭಾಗಿಸಿದರೂ ಗಂಟೆಗೆ 25 ಬಿದ್ದವು. ಬುಗಾಟಿ ವರ್ಷಗಟ್ಟಲೆ ಹೆಣಗಿ ಮಾಡಿದ ಏಳರ ಲೆಕ್ಕ ಫಿಯಟ್ಟಿಗೆ ಹದಿನೇಳು ನಿಮಿಷದ ಕೆಲಸ.

ಏಳರಲ್ಲಿ ಒಂದನ್ನು ಎತ್ತೋರೆಯೇ ಸ್ಟೀರಿಂಗ್ ಹಿಡಿದು ತೂಕಡಿಸಿ ಜಖಂ ಮಾಡಿದ. ಉಳಿದ ಆರರಲ್ಲಿ ಎರಡು ಫ್ರಾನ್ಸಿನ ಮ್ಯುಲೂಸ್ ಊರಿನ ವಸ್ತುಸಂಗ್ರಹಾಲಯದಲ್ಲಿವೆ, ಟಿಕೆಟ್ ಕೊಂಡು ನೋಡಬಹುದು. ಫಿಯಟ್ಟಿಗೆ ಟಿಕೆಟ್ ಬೇಡ. ಇಟಲಿಯ ಗಲ್ಲಿಗಳಲ್ಲಿ ಅದು ಈಗಲೂ ಓಡಾಡುತ್ತಿದೆ.