ಗೈರಾದರೆ ಏಟು, ಏಟಿಗೆ ಹೆದರಿ ಗೈರು

ದೀಪಾವಳಿ ಕಳೆಯಿತೆಂದರೆ ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿ, ತಾಂಡಾಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಗೌಂಡಿ ಕೆಲಸಕ್ಕೆ ಗೋವಾ, ಬೆಂಗಳೂರಿಗೆ ದುಡಿಯಲು ಹೋಗುವವರು ಮಕ್ಕಳನ್ನೂ ಕಟ್ಟಿಕೊಂಡು ಹೋಗುತ್ತಾರೆ, ಇಲ್ಲವೇ ಅಜ್ಜಿಯ ಹತ್ತಿರ ಬಿಡುತ್ತಾರೆ. ಯುಗಾದಿ ಹೊತ್ತಿಗೆ ಮರಳಿದ ಹುಡುಗನಿಗೆ ಭಾಗಾಕಾರ ಮರೆತಿರುತ್ತದೆ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಾದರೆ ಪುಸ್ತಕದ ಕನ್ನಡವೂ ದೂರ. ಲೆಕ್ಕ ಬರಲಿಲ್ಲ, ಮನೆಪಾಠ ಮುಗಿಸಿಲ್ಲ, ಪ್ರಾರ್ಥನೆಗೆ ತಡವಾಯಿತು ಎಂದು ಮಾಸ್ತರರು ಕೈ ಚಾಚಿಸುತ್ತಾರೆ. ಉರಿಯುವ ಅಂಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂತವನು ಅವತ್ತು ಮಾಸ್ತರರ ಕಣ್ಣು ತಪ್ಪಿಸುವುದನ್ನು ಕಲಿಯುತ್ತಾನೆ. ಮಾರನೆಯ ದಿನ ಹೊಟ್ಟೆನೋವು ಎನ್ನುತ್ತಾನೆ. ವಾರ ಕಳೆದರೆ ಕುರಿ ಕಾಯಲು ಹೋಗುತ್ತಾನೆ.

ಬೆತ್ತದ ಮೇಲಿನ ನಂಬಿಕೆ ನಮ್ಮಲ್ಲಿ ಹಳೆಯದು. ಹಿಂದಿನ ಗಾವಟಿ ಶಾಲೆ, ಕೂಲಿಮಠಗಳಲ್ಲಿ ಕೋದಂಡ ಎಂಬ ಶಿಕ್ಷೆಯಿತ್ತು; ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬೀಳಿಸುತ್ತಿದ್ದರು. ಕೋದಂಡ ಹೋಯಿತು, ಹುಣಸೆ ಬರಲು ಉಳಿಯಿತು. ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಸರ’ ಎಂದು ಅಪ್ಪನೇ ಹೇಳಿ ಹೋಗುವ ರೂಢಿಯೂ ಉಳಿಯಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಹೊಡೆದ ಶಿಕ್ಷಕರ ಮೇಲೆ ಸೇವಾ ನಿಯಮದಂತೆ ಕ್ರಮ ಆಗಬೇಕು. ಅಷ್ಟಾದರೂ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ್ದು, ಬೆನ್ನಿಗೆ ಚೀಲ ಹೊರಿಸಿ ಮಂಡಿಯೂರಿಸಿದ್ದು ಬಯಲಾಯಿತು.

‘ನಾವೂ ಏಟು ತಿಂದೇ ದೊಡ್ಡವರಾದೆವಲ್ಲ’ ಎನ್ನುವವರು ಸಿಗುತ್ತಾರೆ. ಏಟಿಗೆ ಹೆದರಿ ಮೂರನೇ ಇಯತ್ತೆಗೇ ಶಾಲೆ ಬಿಟ್ಟ ಜೊತೆಗಾರರ ಲೆಕ್ಕ ಅವರ ಹತ್ತಿರ ಇರುವುದಿಲ್ಲ. ಲೆಕ್ಕ ಇಟ್ಟವರು ಬೇರೆಯದೇ ಹೇಳುತ್ತಾರೆ. 2016ರಲ್ಲಿ ಅಮೆರಿಕದ ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರೂ ಗ್ರೋಗನ್-ಕೇಲರ್ 1.6 ಲಕ್ಷ ಮಕ್ಕಳನ್ನು ಒಳಗೊಂಡ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮನೆಯಲ್ಲಿ ಬರಿಗೈಯಿಂದ ಕೊಡುವ ಪೆಟ್ಟಿಗೂ ಮಕ್ಕಳ ಸಿಟ್ಟು, ಮೊಂಡುತನ, ಮನೋವ್ಯಥೆ, ಬುದ್ಧಿಶಕ್ತಿಯ ಹಿನ್ನಡೆಗೂ ನಂಟು ಕಂಡಿತು. ಏಟಿನಿಂದ ಒಳ್ಳೆಯದಾದದ್ದು ಕಾಣಲಿಲ್ಲ. ಪಕ್ಕದ ಅವಿಭಜಿತ ಆಂಧ್ರದಲ್ಲಿ ನಡೆದ ‘ಯಂಗ್ ಲೈವ್ಸ್’ ಅಧ್ಯಯನದಲ್ಲಿ, ಶಾಲೆ ಏಕೆ ಇಷ್ಟವಿಲ್ಲ ಎಂದು ಕೇಳಿದರೆ ಮಕ್ಕಳು ಕೊಟ್ಟ ಕಾರಣಗಳಲ್ಲಿ ಹೊಡೆತ, ಬೈಗುಳವೇ ಮುಂದಿತ್ತು. ಭಯ ಹೊಕ್ಕ ತಲೆ ಪಾಠಕ್ಕೆ ಗಮನ ಕೊಡುವುದಿಲ್ಲ. ಅದರ ಚಿಂತೆಯೆಲ್ಲ ಮುಂದಿನ ಏಟು ತಪ್ಪಿಸಿಕೊಳ್ಳುವುದು ಹೇಗೆಂಬುದು.

ಶಿಕ್ಷಕರ ಕಷ್ಟವೂ ಸುಳ್ಳಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಗಣತಿಗೆ ಅಲೆಯಬೇಕು. ಗದ್ದಲ ಅಡಗಿಸಲು ಬೆತ್ತ ಸುಲಭವಾಗಿ ಕೈಗೆ ಸಿಗುತ್ತದೆ.

ಆದರೆ ಬೆತ್ತವಿಲ್ಲದ ದಾರಿ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ–ಕಲಿ’ ಈಗ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿದೆ. ಅಲ್ಲಿ ಪಾಠ ಕಲಿಕಾ ಏಣಿಯ ಮೇಲೆ ನಡೆಯುತ್ತದೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ಕೂತು ಕಲಿಯುತ್ತದೆ. ನಾಲ್ಕೈದು ತಿಂಗಳು ಕಬ್ಬಿನ ಗದ್ದೆಯಲ್ಲಿದ್ದು ಬಂದವರು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಗೈರಿಗೆ ಶಿಕ್ಷೆಯ ಮಾತೇ ಬಾರದು. ನಾಲ್ಕನೇ ತರಗತಿಗೆ ಆ ಏಣಿ ಮುಗಿಯುತ್ತದೆ, ಎಲ್ಲರಿಗೂ ಒಂದೇ ಪಾಠ ಶುರುವಾಗುತ್ತದೆ. ಹಿಂದುಳಿದವರು ಸಿಕ್ಕಿಬೀಳುವುದು ಅಲ್ಲಿ.

ಮರಳಿ ಬಂದ ಮಕ್ಕಳಿಗೆ ಮೊದಲ ತಿಂಗಳು ಬಿಟ್ಟ ಪಾಠದಿಂದಲೇ ಕಲಿಸುವ ಏರ್ಪಾಡು ಮೇಲಿನ ತರಗತಿಗಳಿಗೂ ಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕಾಂಪೌಂಡು, ಸುಣ್ಣ–ಬಣ್ಣದ ಜೊತೆಗೆ ಯಾರು ಎಷ್ಟು ದಿನ ಬಂದಿಲ್ಲ, ಏಕೆ ಬಂದಿಲ್ಲ ಎಂಬ ಮಾತೂ ನಡೆಯಬೇಕು. ಏಟು ತಿಂದ ಮಗು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಮಕ್ಕಳ ಗ್ರಾಮಸಭೆಯಲ್ಲಿ ಹೇಳಬಹುದು. ಅದಕ್ಕೂ ಮೊದಲು, ಅಪ್ಪ ಅವ್ವ ಮಾಸ್ತರರ ಮುಂದೆ ‘ಹೊಡೀರಿ’ ಎನ್ನುವ ಬದಲು ‘ಇವನಿಗೆ ಎಲ್ಲಿಂದ ಬರುವುದಿಲ್ಲ ನೋಡ್ರಿ’ ಎಂದು ಕೇಳಲಿ. ಆ ಪ್ರಶ್ನೆಗೆ ಬೆತ್ತದಲ್ಲಿ ಉತ್ತರ ಕೊಡಲು ಯಾವ ಮಾಸ್ತರರಿಗೂ ಆಗದು.