ಐಂಡ್‌ಹೋವನ್‌ನಲ್ಲಿ ಮನೆ, ಹಾಸನದಲ್ಲಿ ಅರ್ಜಿ

"ಮೂರು ಲಕ್ಷ ಕಮ್ಮಿ ಬೀಳ್ತಿದೆ ಅಂತಾರಲ್ಲೋ!"

ಹಾಸನದ ಬ್ಯಾಂಕಿನೊಳಗಿಂದ ಅಪ್ಪ ಫೋನ್ ಮಾಡಿದಾಗ ಅಲ್ಲಿ ಹನ್ನೊಂದು ಗಂಟೆ, ನನಗಿಲ್ಲಿ ಬೆಳಗ್ಗೆ ಏಳೂವರೆ. ನಾನಿರೋದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ, ಕೆಲಸ ಸಾಫ್ಟ್‌ವೇರ್. ನಮ್ಮ ಫ್ಲ್ಯಾಟಿನ ನೋಂದಣಿಗೆ ಇನ್ನು ಹನ್ನೊಂದು ದಿನ ಇತ್ತು. ಅಷ್ಟರೊಳಗೆ ಅಪ್ಪನ 25 ಲಕ್ಷ ರೂಪಾಯಿ ಯೂರೋ ಆಗಿ ಇಲ್ಲಿಗೆ ಬರಬೇಕಿತ್ತು.

"ಅಲ್ಲಿ ಬ್ಯಾಂಕು ನೂರಕ್ಕೆ ನೂರು ಸಾಲ ಕೊಡುತ್ತಂತಲ್ಲ, ಅಪ್ಪನ ದುಡ್ಡು ಯಾಕೆ?" ಅಂತ ನೀವು ಕೇಳಬಹುದು. ಕೊಡೋದು ನಿಜ. ಆದರೆ ಮೌಲ್ಯಮಾಪಕರು ಮನೆಗೆ ಕಟ್ಟಿದ ಬೆಲೆಯವರೆಗೆ ಮಾತ್ರ, ಅದೂ ನಮ್ಮ ಸಂಬಳ ತಡೆದರೆ. ನಮ್ಮ ಫ್ಲ್ಯಾಟಿಗೆ ಕಟ್ಟಿದ ಬೆಲೆ 3,80,000 ಯೂರೋ. ಪೈಪೋಟಿಯಲ್ಲಿ ನಾವು ಕೂಗಿದ್ದು 3,95,000. ನಡುವಿನ 15,000 ಕೈಯಿಂದಲೇ ಹಾಕಬೇಕು. ಅದರ ಮೇಲೆ ನೋಟರಿ, ಮೌಲ್ಯಮಾಪನ, ಸಾಲದ ಸಲಹೆಗಾರ, ದುಭಾಷಿ ಎಲ್ಲರ ಶುಲ್ಕ. ಮಾರಿ ಹೋಗುವಾಗ ನೆಲಹಾಸನ್ನೂ ಕಿತ್ಕೊಂಡು ಹೋಗೋ ಮಾಲೀಕರು ಇಲ್ಲಿದ್ದಾರೆ, ಹಾಗಾಗಿ ನೆಲಕ್ಕೂ ಒಂದಿಷ್ಟು. ಒಂದೇ ಸಮಾಧಾನ ಅಂದರೆ ಆಸ್ತಿ ವರ್ಗಾವಣೆಯ ಶೇ. 2 ತೆರಿಗೆ. 35 ವರ್ಷದೊಳಗಿನವರು ತಾವೇ ವಾಸ ಮಾಡೋಕೆ ಮೊದಲ ಮನೆ ಕೊಂಡರೆ ಅದು ಮಾಫಿ. 2025ರಲ್ಲಿ ಅದಕ್ಕೆ ಮನೆ ಬೆಲೆಯ ಮಿತಿ 5,25,000 ಯೂರೋ. ನನಗೆ 31, ನನ್ನ ಹೆಂಡತಿಗೆ 29. ನಮಗೆ 7,900 ಯೂರೋ ಉಳೀತು.

ಇಷ್ಟಾದರೂ ಸಾಲದೇ ಬಂತು. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದ ಅಪ್ಪ, ಎಫ್‌ಡಿಯಲ್ಲಿಟ್ಟಿದ್ದ ತಮ್ಮ ನಿವೃತ್ತಿ ಹಣ ತೆಗೆದು ಕೊಡ್ತೀನಿ ಅಂದರು. ಬೇಡ ಅಂದೆ, ಕೇಳಲಿಲ್ಲ. ನಿಜ ಹೇಳಬೇಕಂದ್ರೆ ನಾನೂ ಜಾಸ್ತಿ ಸಲ ಬೇಡ ಅನ್ನಲಿಲ್ಲ.

ಭಾರತದಲ್ಲಿ ವಾಸವಿರುವವರು ಒಂದು ಹಣಕಾಸು ವರ್ಷದಲ್ಲಿ ತಲಾ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು ಅನ್ನುತ್ತೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ. ಅಷ್ಟನ್ನು ಓದಿ "ನಮ್ಮದು ಮಿತಿಯ ಹತ್ತಿರಕ್ಕೂ ಬರಲ್ಲ" ಅಂತ ನಾನು ನೆಮ್ಮದಿಯಾಗಿದ್ದೆ. ಕೆಳಗಿನ ಸಾಲು ಓದಿರಲಿಲ್ಲ. ಹೀಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಶೇ. 20 ಟಿಸಿಎಸ್ ಹಿಡಿಯುತ್ತೆ. (ಓದಿಗೆ, ಚಿಕಿತ್ಸೆಗೆ ಕಳಿಸೋದಾದರೆ ಲೆಕ್ಕ ಬೇರೆ.) 25ರಲ್ಲಿ 10 ಕಳೆದರೆ 15, ಅದರ ಶೇ. 20 ಅಂದರೆ 3 ಲಕ್ಷ. ಅದನ್ನು ಕಳಿಸುವ 25 ಲಕ್ಷದಲ್ಲಿ ಮುರಿದುಕೊಳ್ಳಲ್ಲ, ಮೇಲೆ ಕಟ್ಟಬೇಕು. ಅಪ್ಪನ ಖಾತೆಯಲ್ಲಿ ಇದ್ದದ್ದು 25 ಲಕ್ಷ, ಚಿಲ್ಲರೆ.

ಇದು ಕಳೆದುಹೋಗುವ ದುಡ್ಡಲ್ಲ. ಅಪ್ಪನ ಪ್ಯಾನ್ ಹೆಸರಲ್ಲಿ ಜಮೆಯಾಗುತ್ತೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿ ಉಳಿದದ್ದು ವಾಪಸ್ ಪಡೀಬಹುದು. ಆದರೆ ಅಲ್ಲೀವರೆಗೆ ಪಿಂಚಣಿದಾರರ ಮೂರು ಲಕ್ಷ ಸರ್ಕಾರದ ಹತ್ತಿರ ಕೂತಿರುತ್ತೆ. ನಾನು ಒಂದು ತಿಂಗಳು ಮೊದಲೇ ಇದನ್ನು ಓದಿದ್ದರೆ? 10 ಲಕ್ಷದ ಆ ಮಿತಿ ಒಬ್ಬೊಬ್ಬರಿಗೂ ಬೇರೆ ಬೇರೆ. ಅಮ್ಮನ ಹೆಸರಲ್ಲೇ ಅವಳದೇ ಎಫ್‌ಡಿ ಇತ್ತು. 10 ಲಕ್ಷ ಅವಳ ಖಾತೆಯಿಂದ, 15 ಅಪ್ಪನದರಿಂದ ಹೋಗಿದ್ದರೆ ಟಿಸಿಎಸ್ ಒಂದೇ ಲಕ್ಷ ಆಗ್ತಿತ್ತು. ಮಿತಿ ಏಪ್ರಿಲ್ 1ಕ್ಕೆ ಹೊಸದಾಗಿ ಶುರುವಾಗುತ್ತೆ. ಮಾರ್ಚಲ್ಲಿ ಸ್ವಲ್ಪ, ಏಪ್ರಿಲಲ್ಲಿ ಸ್ವಲ್ಪ ಕಳಿಸುವ ಪುರುಸೊತ್ತು ಇದ್ದವರಿಗೆ ಇನ್ನೂ ಅನುಕೂಲ. ನಮಗೆ ಆ ಪುರುಸೊತ್ತು ಇರಲಿಲ್ಲ. ಒಪ್ಪಂದದ ಪ್ರಕಾರ ನಾವು ತಪ್ಪಿದರೆ, ಎಂಟು ದಿನದ ನೋಟಿಸ್ ಮುಗಿದ ಮೇಲೆ ಬೆಲೆಯ ಶೇ. 10 ದಂಡ, ಅಂದರೆ 39,500 ಯೂರೋ. ಆ ಅಂಕಿ ನಾನು ಅಪ್ಪನಿಗೆ ಹೇಳಲೇ ಇಲ್ಲ.

ಮೂರು ಲಕ್ಷ ಭಾವ ಕೊಟ್ಟರು. ಮಾರನೇ ದಿನ ಅಪ್ಪ ಮತ್ತೆ ಬ್ಯಾಂಕಿಗೆ ಹೋದರೆ ಎ2 ಫಾರ್ಮಿನಲ್ಲಿ ತಕರಾರು. ಮನೆ ವಿಷಯ ಕೇಳಿದ ಗುಮಾಸ್ತರು ಉದ್ದೇಶದ ಕಾಲಂನಲ್ಲಿ 'ವಿದೇಶದಲ್ಲಿ ಆಸ್ತಿ ಖರೀದಿ' ಅಂತ ತುಂಬಿದ್ದರು. ಅಪ್ಪ ಆಸ್ತಿ ಕೊಳ್ತಿಲ್ಲ, ಮಗನಿಗೆ ದುಡ್ಡು ಕೊಡ್ತಿದ್ದಾರೆ. ಇಲ್ಲಿನ ಸಾಲದ ಬ್ಯಾಂಕಿಗೆ ನಾವು ಕೊಟ್ಟ ಪತ್ರದಲ್ಲಿ, ಇದು ವಾಪಸ್ ಕೇಳದ ಉಡುಗೊರೆ ಅಂತ ಅಪ್ಪ ಸಹಿ ಹಾಕಿದ್ದಾರೆ. ಎರಡು ಕಾಗದ ಎರಡು ಕಥೆ ಹೇಳಿದರೆ ಇಲ್ಲಿ ಸಾಲವೇ ನಿಲ್ಲುತ್ತೆ.

"ಮೇಷ್ಟ್ರೇ, ಎರಡೂ ಒಂದೇ ಅಲ್ವಾ?" ಅಂದರಂತೆ ಅವರು.

"ಅಲ್ಲಪ್ಪಾ, ಹೊಸ ಫಾರ್ಮ್ ಕೊಡಿ" ಅಂದರಂತೆ ಅಪ್ಪ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ!

ಇನ್ನು ವಿನಿಮಯ ದರ. ಗೂಗಲ್ ತೋರಿಸುವ ದರ ನಮಗೆ ಯಾರೂ ಕೊಡಲ್ಲ. ಲೆಕ್ಕ ಸುಲಭವಾಗಲಿ ಅಂತ ಒಂದು ಯೂರೋಗೆ 100 ರೂಪಾಯಿ ಅಂದುಕೊಳ್ಳಿ. ಶಾಖೆಯ ಕಾರ್ಡ್ ದರ 102 ಇದ್ದರೆ 25 ಲಕ್ಷಕ್ಕೆ ಸುಮಾರು 490 ಯೂರೋ ಕಮ್ಮಿ ಸಿಗುತ್ತೆ. ಇದು ಶುಲ್ಕ ಅಂತ ರಸೀದಿಯಲ್ಲಿ ಎಲ್ಲೂ ಕಾಣಲ್ಲ. "ದೊಡ್ಡ ಮೊತ್ತ, ಟ್ರೆಷರಿಯಿಂದ ವಿಶೇಷ ದರ ಕೇಳಿ" ಅಂತ ಅಪ್ಪನಿಗೆ ಹೇಳಿಕೊಟ್ಟೆ. ಕೇಳಿದ್ದಕ್ಕೆ ಅಂತರ ಅರ್ಧಕ್ಕಿಂತ ಕೆಳಗೆ ಬಂತು. ಕೇಳದಿದ್ದರೆ ಅವರಾಗಿ ಹೇಳ್ತಿರಲಿಲ್ಲ. ನಡುವಿನ ಬ್ಯಾಂಕುಗಳ ಶುಲ್ಕ ಕಳಿಸುವವರದ್ದೇ ಅಂತ ಗುರುತು ಹಾಕಿಸಿದ್ವಿ, ಇಲ್ಲದಿದ್ದರೆ ದಾರಿಯಲ್ಲೇ ಒಂದಿಷ್ಟು ಉದುರುತ್ತೆ.

ನೋಂದಣಿಗೆ ಐದು ದಿನ ಇದ್ದಾಗ ದುಡ್ಡು ಬಂತು. ಬಂದ ಮೇಲೆ ನೋಟರಿ ಕಚೇರಿಯ ಸರದಿ. ಇಲ್ಲಿನ ನೋಟರಿ ಅಂದರೆ ನಮ್ಮೂರ ಕೋರ್ಟಿನ ಮುಂದೆ ಸೀಲ್ ಒತ್ತುವವರಲ್ಲ. ಮನೆಯ ಪೂರ್ತಿ ದುಡ್ಡು ಅವರ ಖಾತೆಯ ಮೂಲಕವೇ ಹೋಗಬೇಕು, ಅದು ಎಲ್ಲಿಂದ ಬಂತು ಅಂತ ಕೇಳೋದು ಕಾನೂನು ಪ್ರಕಾರ ಅವರ ಕೆಲಸ. ಅಪ್ಪನ ಪಾಸ್‌ಬುಕ್ಕಿನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು, ಪ್ಯಾನ್‌ನಲ್ಲಿ ಊರಿನ ಹೆಸರೂ ತಾತನ ಹೆಸರೂ ಪೂರ್ತಿ, ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು. "ಇವರು ಮೂರು ಜನವೋ ಒಬ್ಬರೋ?" ಅಂತ ನೋಟರಿಯವರ ಸಹಾಯಕಿ ಪಾಪ ಗಂಭೀರವಾಗೇ ಕೇಳಿದರು. ನನ್ನ ಜನನ ಪ್ರಮಾಣಪತ್ರ, ಎಫ್‌ಡಿ ಮುರಿದ ರಸೀದಿ, ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಎಲ್ಲ ಕಳಿಸಿದ ಮೇಲೆ ಒಪ್ಪಿದರು. ಎಂದೂ ಇಲ್ಲಿ ವಾಸ ಮಾಡದ ಅಪ್ಪ ಕೊಟ್ಟಿದ್ದಕ್ಕೆ ಇಲ್ಲಿ ಉಡುಗೊರೆ ತೆರಿಗೆ ಇಲ್ಲ. ಅದೊಂದು ಸುಲಭವಾಯ್ತು.

ಸಹಿ ದಿನ ದುಭಾಷಿ ಪಕ್ಕದಲ್ಲಿ ಕೂತು ಡಚ್ ಪತ್ರವನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಅರ್ಧ ಗಂಟೆಯಲ್ಲಿ ಮುಗೀತು. ಸಂಜೆ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಒರಿಜಿನಲ್ ಪತ್ರ ಎಲ್ಲಿಟ್ಟಿದೀಯ?"

ಒರಿಜಿನಲ್ ನೋಟರಿ ಹತ್ತಿರವೇ ಇರುತ್ತೆ, ನಮಗೆ ಕೊಡೋದು ನಕಲು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ನಕಲಿಂದೇ ಒಂದು ಪ್ರಿಂಟ್ ಕಳಿಸು" ಅಂದರು. ಕಳಿಸಿದೆ. ಒಂದಕ್ಷರ ಅರ್ಥವಾಗದ ಆ ಡಚ್ ಪತ್ರ ಈಗ ಹಾಸನದ ಬೀರುವಿನಲ್ಲಿ, ಮೂರು ಲಕ್ಷದ ಟಿಸಿಎಸ್ ಸರ್ಟಿಫಿಕೇಟಿನ ಜೊತೆ ಒಂದೇ ಫೈಲಿನಲ್ಲಿದೆ. ಭಾವನಿಗೆ ತಿಂಗಳಿಗೆ ಇಷ್ಟು ಅಂತ ನಾನು ಕಳಿಸ್ತಿದ್ದೀನಿ.